ಮಲಗಿದ್ರೆ ಮಾಯ, ಎದ್ರೆ ಶುರು: ಈ ತಲೆನೋವಿನ ಗುರುತು ಎಂಆರ್‌ಐನಲ್ಲಿ ಎಲ್ಲಿರುತ್ತೆ?

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಬಿ.ಕಾಂ ಓದಿದವನು. ಆದ್ರೂ ಇವತ್ತಿನ ಎಪಿಸೋಡ್ ತಲೆಬುರುಡೆಯ ಸ್ಕ್ಯಾನ್ ಬಗ್ಗೆ. ಯಾಕೆ ಅಂದ್ರೆ ನಮ್ಮ ಮನೇಲಿ ಒಂದು ಬೇಡದ ಆಪರೇಷನ್ ಸ್ವಲ್ಪದರಲ್ಲಿ ತಪ್ಪಿತು.

ವಿಜಯನಗರದಲ್ಲಿ ನಮ್ಮ ಚಿಕ್ಕಮ್ಮನದ್ದು ಪುಟ್ಟ ಟೈಲರಿಂಗ್ ಅಂಗಡಿ. ಬ್ಲೌಸು, ಸೀರೆಗೆ ಫಾಲ್ಸು, ಜಿಗ್‌ಜಾಗು. ವಯಸ್ಸು 43. ಹೋದ ವರ್ಷ ಗೌರಿ ಹಬ್ಬದ ಸೀಸನ್‌ನಲ್ಲಿ ತಲೆನೋವು ಶುರುವಾಯ್ತು. ಬೆಳಗ್ಗೆ ಹಾಸಿಗೆಯಲ್ಲಿ ಇರೋವರೆಗೂ ಏನೂ ಇಲ್ಲ. ಎದ್ದು ಹಾಲು ಕಾಯೋಕೆ ಇಟ್ರೆ, ಅದು ಉಕ್ಕೋ ಹೊತ್ತಿಗೆ ತಲೆಯ ಹಿಂಭಾಗ ಹಿಡಿದುಕೊಳ್ಳೋದು. ಮಧ್ಯಾಹ್ನ ಕಟಿಂಗ್ ಟೇಬಲ್ ಮೇಲೇ ಮಲಗಿಬಿಡೋರು. ಕಾಲು ಗಂಟೆಯಲ್ಲಿ ನೋವು ಇಳಿಯೋದು. ಯಾರೋ ಗಿರಾಕಿ ಬಂದ್ರು ಅಂತ ಎದ್ರೆ ಮತ್ತೆ ಅದೇ ಕಥೆ. ಜೊತೆಗೆ ಕುತ್ತಿಗೆ ನೋವು, ಕಿವಿಗೆ ನೀರು ಹೋದ ಹಾಗೆ ಮಂಕು.

ಸಲಹೆಗಳಿಗೇನು ಬರ ಇಲ್ವಲ್ಲ. ಗ್ಯಾಸ್ಟ್ರಿಕ್ ಅಂದ್ರು, ಸೈನಸ್ ಅಂದ್ರು, ಕನ್ನಡಕ ಬದಲಾಯಿಸಿ ಅಂದ್ರು, ನಮ್ಮಜ್ಜಿ ಮೂರು ಸಲ ದೃಷ್ಟಿ ತೆಗೆದ್ರು. ಕೊನೆಗೆ ಒಂದು ಎಂಆರ್‌ಐ ಆಯ್ತು. ದುಡ್ಡು ಉಳಿಸೋಕೆ ಅಂತ ಕಾಂಟ್ರಾಸ್ಟ್ ಇಲ್ಲದ ಪ್ಲೇನ್ ಸ್ಕ್ಯಾನ್. ರಿಪೋರ್ಟ್‌ನಲ್ಲಿ, ಕಿರುಮಿದುಳಿನ ಕೆಳತುದಿ ಸ್ವಲ್ಪ ಇಳಿದಿದೆ, 'ಕಿಯಾರಿ' ಅನ್ನೋ ಹುಟ್ಟು ದೋಷ ಇರಬಹುದು ಅಂತ ಇತ್ತು. ಅದನ್ನ ನೋಡಿದ ಒಬ್ಬ ಡಾಕ್ಟರ್, ತಲೆಬುರುಡೆಯ ಹಿಂದಿನ ಮೂಳೆ ಸ್ವಲ್ಪ ತೆಗೀಬೇಕಾಗಬಹುದು ಅಂದ್ರು. ಚಿಕ್ಕಪ್ಪ ಅವತ್ತೇ ಗೋಲ್ಡ್ ಲೋನ್ ವಿಚಾರಿಸೋಕೆ ಹೋದ್ರು.

ಎರಡನೇ ಅಭಿಪ್ರಾಯಕ್ಕೆ ಬಸವೇಶ್ವರನಗರದ ಒಬ್ಬರು ನರರೋಗ ತಜ್ಞರ ಹತ್ತಿರ ಕರ್ಕೊಂಡು ಹೋದೆ. ಅವರು ಫಿಲ್ಮ್ ಕೈಗೆ ತಗೊಳ್ಳೋಕೆ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: "ಮಲಗಿದ್ರೆ ಹೇಗಿರುತ್ತಮ್ಮಾ?" ಅಲ್ಲಿವರೆಗೆ ಯಾರೂ ಅದನ್ನ ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ ಅನ್ನಿ.

ವಿಷಯ ಇಷ್ಟು. ನಮ್ಮ ಮಿದುಳು, ಬೆನ್ನುಹುರಿ ಎರಡೂ ಒಂದು ತಿಳಿನೀರಿನಂಥ ದ್ರವದಲ್ಲಿ ತೇಲ್ತಾ ಇರ್ತವೆ. ಡಾಕ್ಟರುಗಳು ಅದನ್ನ ಸಿಎಸ್‌ಎಫ್ ಅಂತಾರೆ. ದೊಡ್ಡವರಲ್ಲಿ ಒಂದು ಹೊತ್ತಿಗೆ ಇರೋದು ಸುಮಾರು 150 ಮಿಲಿ, ಒಂದು ದೊಡ್ಡ ಲೋಟದಷ್ಟೂ ಇಲ್ಲ. ದಿನಕ್ಕೆ ಸುಮಾರು 500 ಮಿಲಿ ಹೊಸದಾಗಿ ತಯಾರಾಗುತ್ತೆ, ಅಷ್ಟೇ ರಕ್ತಕ್ಕೆ ವಾಪಸ್ ಹೋಗುತ್ತೆ. ಇದನ್ನ ಹಿಡಿದಿಡೋ ಹೊರಪೊರೆಯ ಹೆಸರು ಡ್ಯೂರಾ. ಬೆನ್ನಿನಲ್ಲಿ ಎಲ್ಲೋ ಈ ಪೊರೆ ಹರಿದರೆ ದ್ರವ ಸೋರುತ್ತೆ. ಬೆನ್ನುಮೂಳೆಯ ಸಣ್ಣ ಮುಳ್ಳಿನಂಥ ಬೆಳವಣಿಗೆ ಚುಚ್ಚಿ ಹರಿಯಬಹುದು, ನರದ ಬುಡದಲ್ಲಿ ಪೊರೆ ತೆಳುವಾಗಿ ಬಿಡಬಹುದು. ದ್ರವ ನೇರವಾಗಿ ರಕ್ತನಾಳಕ್ಕೆ ಸೇರಿಕೊಳ್ಳೋ ಇನ್ನೊಂದು ದಾರಿಯನ್ನ 2014ರಲ್ಲಷ್ಟೇ ವೈದ್ಯರು ಗುರುತಿಸಿದ್ರು. ನಿಂತಾಗ ಮಿದುಳಿಗೆ ತೇಲೋಕೆ ಆಸರೆ ಸಾಲದೆ ಕೆಳಕ್ಕೆ ಜಗ್ಗುತ್ತೆ, ಅದಕ್ಕೇ ನೋವು.

ಈಗ ಬರುತ್ತೆ ನೋಡಿ ಮಜಾ. ಸೋರೋದು ಬೆನ್ನಲ್ಲಿ, ಸುಳಿವು ಸಿಗೋದು ತಲೆಯಲ್ಲಿ. ಯಾಕೆ? ಕಾಮರ್ಸ್‌ನವರಿಗೆ ಇದು ಬೇಗ ಹೊಳೆಯುತ್ತೆ. ತಲೆಬುರುಡೆ ಒಂದು ಬ್ಯಾಲೆನ್ಸ್ ಶೀಟ್. ಒಳಗೆ ಮೂರೇ ಖಾತೆ: ಮಿದುಳು, ರಕ್ತ, ದ್ರವ. ಮೂಳೆ ಹಿಗ್ಗಲ್ಲ, ಕುಗ್ಗಲ್ಲ, ಹಾಗಾಗಿ ಟೋಟಲ್ ಬದಲಾಗೋ ಹಾಗಿಲ್ಲ. ಈ ಲೆಕ್ಕದ ಬೇರು ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೋ 1783ರಲ್ಲಿ, ಜಾರ್ಜ್ ಕೆಲ್ಲಿ 1824ರಲ್ಲಿ ಬರೆದಿದ್ದರಲ್ಲಿ ಇದೆ. ದ್ರವದ ಖಾತೆಯಲ್ಲಿ ಕಡಿಮೆ ಆದ್ರೆ ಟ್ಯಾಲಿ ಆಗೋಕೆ ರಕ್ತದ ಖಾತೆ ಏರಲೇಬೇಕು. ಎಂಆರ್‌ಐನಲ್ಲಿ ಹುಡುಕೋದು ಈ ಅಡ್ಜಸ್ಟ್‌ಮೆಂಟ್ ಎಂಟ್ರಿಗಳನ್ನೇ.

ಮೊದಲನೆಯದು ಡ್ಯೂರಾ. ರಕ್ತ ತುಂಬಿಕೊಂಡು ದಪ್ಪ ಆಗುತ್ತೆ. ಕೈಯ ರಕ್ತನಾಳಕ್ಕೆ ಗ್ಯಾಡೊಲಿನಿಯಂ ಅನ್ನೋ ಕಾಂಟ್ರಾಸ್ಟ್ ಕೊಟ್ಟು ಚಿತ್ರ ತೆಗೆದರೆ ಇಡೀ ಮಿದುಳಿನ ಸುತ್ತ ಪೆನ್ನಿಂದ ಗೆರೆ ಎಳೆದ ಹಾಗೆ ಬೆಳ್ಳಗೆ, ನುಣ್ಣಗೆ ಹೊಳೆಯುತ್ತೆ. ಮೆನಿಂಜೈಟಿಸ್‌ನಲ್ಲಿ ಸಾಮಾನ್ಯವಾಗಿ ಆ ಹೊಳಪು ಮಿದುಳಿನ ಮಡಿಕೆಗಳ ಒಳಗೂ ಇಳಿಯುತ್ತೆ, ಇಲ್ಲಿ ಹೊರಗಡೆಯೇ ನಿಲ್ಲುತ್ತೆ. ಪ್ಲೇನ್ ಸ್ಕ್ಯಾನ್‌ನಲ್ಲಿ ಈ ಹೊಳಪು ಸಿಗೋದೇ ಇಲ್ಲ. ನಾವು ಉಳಿಸಿದ ದುಡ್ಡು ಎಲ್ಲಿಗೆ ಬಂತು ಗೊತ್ತಾಯ್ತಲ್ಲ?

ಎರಡನೆಯದು, ತಲೆಯೊಳಗಿನ ದೊಡ್ಡ ರಕ್ತನಾಳಗಳು. ಅಡ್ಡಕ್ಕೆ ಹೋಗೋ ಸೈನಸ್‌ನ ಕೆಳ ಅಂಚು ನೇರವಾಗೋ ಒಳಬಾಗಿಯೋ ಇರಬೇಕು. ದ್ರವ ಕಡಿಮೆ ಆದಾಗ ಅದು ಹೊರಕ್ಕೆ ಉಬ್ಬುತ್ತೆ. ಪಿಟ್ಯುಟರಿ ಗ್ರಂಥಿಯೂ ಊದಿಕೊಳ್ಳುತ್ತೆ, ಗೊತ್ತಿಲ್ಲದವರು ಅದನ್ನ ಗೆಡ್ಡೆ ಅಂದುಕೊಳ್ಳೋದೂ ಉಂಟು. ಮಿದುಳಿನ ಮೇಲೆ ನೀರೋ ರಕ್ತವೋ ಪದರವಾಗಿ ಸೇರಬಹುದು. ಆಮೇಲೆ ಜಗ್ಗೋದು: ಮಿದುಳಿನ ಬುಡ ಕೆಳಗಿಳಿದು, ಮುಂದಿನ ಮೂಳೆಗೆ ಒತ್ತಿಕೊಂಡು, ನಡುವಿನ ಖಾಲಿ ಜಾಗಗಳು ಕಿರಿದಾಗ್ತವೆ. ಕಿರುಮಿದುಳಿನ ತುದಿ ಇಳಿಯೋದು ಇದರದ್ದೇ ಭಾಗ. ಚಿಕ್ಕಮ್ಮನ ರಿಪೋರ್ಟ್‌ನಲ್ಲಿ ಆ ಒಂದನ್ನ ಮಾತ್ರ ನೋಡಿ ಕಿಯಾರಿ ಅಂದಿದ್ರು.

ಇದನ್ನ ಅಂದಾಜಿಗೆ ಬಿಡದೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವೈದ್ಯರ ತಂಡ 2019ರಲ್ಲಿ ಒಂದು ಸ್ಕೋರ್ ಮಾಡಿತು. ಪೊರೆ ಹೊಳೆದರೆ 2, ರಕ್ತನಾಳ ಉಬ್ಬಿದರೆ 2, ಪಿಟ್ಯುಟರಿ ಮೇಲಿನ ಜಾಗ 4 ಮಿ.ಮೀ. ಅಥವಾ ಕಡಿಮೆ ಇದ್ದರೆ 2. ಮಿದುಳಿನ ಮೇಲೆ ದ್ರವದ ಪದರಕ್ಕೆ 1, ಮಿದುಳಿನ ಬುಡದ ಹತ್ತಿರದ ಇನ್ನೆರಡು ಅಳತೆಗಳಿಗೆ ತಲಾ 1. ಒಟ್ಟು 9. ಐದು ಅಥವಾ ಹೆಚ್ಚು ಬಂದ್ರೆ ಬೆನ್ನಲ್ಲಿ ಸೋರಿಕೆ ಸಿಗೋ ಸಾಧ್ಯತೆ ಜಾಸ್ತಿ, ಎರಡು ಅಥವಾ ಕಡಿಮೆ ಆದ್ರೆ ಕಮ್ಮಿ. ಕಾಂಟ್ರಾಸ್ಟ್ ಹಾಕಿ ಮತ್ತೆ ತೆಗೆಸಿದಾಗ ಚಿಕ್ಕಮ್ಮನಿಗೆ ಬಂದಿದ್ದು 7.

ಆದ್ರೆ ಸ್ಕೋರ್ ನೋಡಿ ಯಾರನ್ನೂ ಮನೆಗೆ ಕಳಿಸಬಾರದು. ಈ ಕಾಯಿಲೆ ಇರೋ ಐವರಲ್ಲಿ ಸುಮಾರು ಒಬ್ಬರಿಗೆ ತಲೆಯ ಎಂಆರ್‌ಐ ಪೂರ್ತಿ ನಾರ್ಮಲ್ ಇರುತ್ತೆ. ಎಷ್ಟೋ ಜನ ಆ 'ನಾರ್ಮಲ್' ಕಾಗದ ಹಿಡ್ಕೊಂಡು, ಟೆನ್ಷನ್ ಮಾಡ್ಕೋಬೇಡಿ ಅನ್ನಿಸಿಕೊಂಡು ಬರ್ತಾರೆ. ನನಗೆ ಸಿಟ್ಟು ಬರೋದು ಅಲ್ಲೇ.

ಹಾಗಾಗಿ ಸ್ಕ್ಯಾನ್ ಚೀಟಿಯಲ್ಲಿ ಬರೀ 'ತಲೆನೋವು' ಅಂತ ಇದ್ರೆ, 'ಎದ್ದಾಗ ಜಾಸ್ತಿ, ಮಲಗಿದ್ರೆ ಕಡಿಮೆ' ಅಂತಲೂ ಸೇರಿಸಿ ಅಂತ ಡಾಕ್ಟರಿಗೆ ಕೇಳಿ. ಚಿತ್ರ ಓದೋರಿಗೆ ಏನು ಹುಡುಕಬೇಕು ಅಂತ ಗೊತ್ತಾಗುತ್ತೆ. ಕಿಡ್ನಿ ತೊಂದರೆ ಇದ್ರೆ, ಗರ್ಭಿಣಿ ಆಗಿದ್ರೆ ಕಾಂಟ್ರಾಸ್ಟ್‌ಗೆ ಮುಂಚೆ ತಿಳಿಸಿ. ನಮ್ಮೂರಲ್ಲೇ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇಂಥ ನರಮಂಡಲದ ಚಿತ್ರಗಳಿಗೇ ಪ್ರತ್ಯೇಕ ವಿಭಾಗ ಇದೆ. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಇದೇ ಥರ ನೋವು ಬಂದ್ರೆ ಅಲ್ಲಿ ಕಾರಣ ಗೊತ್ತೇ ಇರುತ್ತೆ, ಅರಿವಳಿಕೆ ಡಾಕ್ಟರಿಗೆ ಹೇಳಿ. ಸಿಡಿಲು ಬಡಿದ ಹಾಗೆ ಒಂದೇ ಸಲ ಬಂದ ತಲೆನೋವು, ಜ್ವರ, ಕೈಕಾಲು ಬಲ ಹೋಗೋದು ಬೇರೆ ವಿಷಯ, ಸೀದಾ ಎಮರ್ಜೆನ್ಸಿಗೆ ಹೋಗಿ.

ಚಿಕ್ಕಮ್ಮನಿಗೆ ಮಾಡಿದ್ದು ಬ್ಲಡ್ ಪ್ಯಾಚ್. ಅವರದ್ದೇ ಕೈಯಿಂದ ರಕ್ತ ತೆಗೆದು ಬೆನ್ನಲ್ಲಿ ಡ್ಯೂರಾದ ಹೊರಗೆ ತುಂಬೋದು, ಅದು ಹೆಪ್ಪುಗಟ್ಟಿ ಟ್ಯೂಬಿಗೆ ಪಂಕ್ಚರ್ ಹಾಕಿದ ಹಾಗೆ ಕೂರುತ್ತೆ. ಕೆಲವರಿಗೆ ಎರಡು ಮೂರು ಸಲ ಬೇಕಾಗುತ್ತೆ, ಇವರಿಗೂ ಎರಡು ಸಲ ಬೇಕಾಯ್ತು. ಆಮೇಲೆ ಮೂರು ದಿನ ಉಲ್ಟಾ ತಲೆನೋವು, ಮಲಗಿದ್ರೆ ಜಾಸ್ತಿ, ಕೂತ್ರೆ ಕಮ್ಮಿ. ಒತ್ತಡ ಒಂದೇ ಸಲ ಏರಿದಾಗ ಹಾಗಾಗುತ್ತಂತೆ. ಈಗ ಮಷಿನ್ ಮುಂದೆ ಕೂತಿದ್ದಾರೆ. ಭಾರ ಎತ್ತಬೇಡಿ ಅಂದಿದ್ದಕ್ಕೆ ಚಿಕ್ಕಪೇಟೆಯಿಂದ ಬರೋ ಲೈನಿಂಗ್ ಬಟ್ಟೆ ಗಂಟನ್ನ ಭಾನುವಾರ ನಾನೇ ಮೇಲಕ್ಕೆ ಹೊತ್ತು ಹಾಕ್ತೀನಿ.