ಸಸ್ಯಮೂಲ ಬರ್ಗರ್: ಒಂದು ಗೃಹಪ್ರಯೋಗ ಮತ್ತು ಅದರ ಪೂರ್ವೇತಿಹಾಸ

ಈಚಿನ ಕೆಲವು ವರ್ಷಗಳಿಂದ ಬೆಂಗಳೂರಿನ ಉತ್ತರ ಭಾಗದ ದೊಡ್ಡ ಅಂಗಡಿಗಳಲ್ಲಿ, ಮಾಂಸದ ರೂಪ ರುಚಿಗಳನ್ನು ಹೋಲುವಂತೆ ಕಾಳುಗಳ ಪ್ರೋಟೀನಿನಿಂದ ಮಾಡಿದ ಬರ್ಗರ್ ಬಿಲ್ಲೆಗಳು ಮಾರಾಟಕ್ಕೆ ಬಂದಿವೆ. ಇದು ಹೊರನಾಡಿನಿಂದ ನೇರವಾಗಿ ಬಂದ, ನಮ್ಮ ಚರಿತ್ರೆಯಲ್ಲಿ ಬೇರಿಲ್ಲದ ಪದಾರ್ಥವೆಂದು ಭಾವಿಸುವವರು ಅನೇಕರು. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಪ್ರೇರಣೆ ದೊರೆತದ್ದು ಅಡುಗೆಯ ಮನೆಯಲ್ಲಿ. ಅರವತ್ತು ದಾಟಿದ ನಮ್ಮ ತಾಯಿಯವರು ಶಾಕಾಹಾರಿಗಳು. ಅವರ ಸ್ನಾಯುಗಳ ಬಲ ಕುಂದುತ್ತಿರುವುದನ್ನು ಕಂಡ ವೈದ್ಯರು, ಆಹಾರದಲ್ಲಿ ಪ್ರೋಟೀನು, ಅಂದರೆ ಸಸಾರಜನಕದ ಅಂಶ, ಹೆಚ್ಚಬೇಕೆಂದು ಸೂಚಿಸಿದರು. ಯಲಹಂಕದ ಅಂಗಡಿಯೊಂದರಿಂದ ಒಂದು ಪೊಟ್ಟಣವನ್ನು ತಂದು, ಬಿಲ್ಲೆಗಳನ್ನು ಕಾವಲಿಯ ಮೇಲೆ ಬೇಯಿಸಿದೆವು. ಕೆಂಪಾಗಿದ್ದುದು ಕಂದುಬಣ್ಣಕ್ಕೆ ತಿರುಗಿತು. ಒಳಗಿನ ಕೊಬ್ಬು ಕರಗಿ ಚುರುಗುಟ್ಟಿತು. ಬಿಸಿಯಿದ್ದಾಗ ಗಟ್ಟಿಯಾಗಿದ್ದ ಬಿಲ್ಲೆ ಆರಿದಂತೆ ಮೆತ್ತಗಾಯಿತು. ತಾಯಿಯವರು ಒಂದು ತುತ್ತು ತಿಂದು, “ಮಾಂಸ ಹೀಗೇ ಇರುತ್ತದೆ ಅನ್ನುವುದಾದರೆ ನನಗೆ ಇದು ಸೇರದಪ್ಪ” ಎಂದು ತಟ್ಟೆಯನ್ನು ಸರಿಸಿದರು. ಅಂದು ಮನೆಗೆ ಬಂದಿದ್ದ, ಮಾಂಸಾಹಾರಿಗಳಾದ ಸಹೋದ್ಯೋಗಿಯೊಬ್ಬರು ಪೂರ್ತಿ ತಿಂದು, “ಕೈಮ ಉಂಡೆಗೆ ಸಮನಲ್ಲ, ಆದರೆ ಮಾಂಸ ಬಿಟ್ಟವರಿಗೆ ಸಾಕು” ಎಂದರು. ಒಂದೇ ಗುಣವು ಒಬ್ಬರಿಗೆ ದೋಷವಾಗಿಯೂ ಇನ್ನೊಬ್ಬರಿಗೆ ಸಮಾಧಾನವಾಗಿಯೂ ಕಂಡದ್ದು ಗಮನಾರ್ಹ.

ಇಂಥ ಬಿಲ್ಲೆಯ ರಚನೆಯನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. ಸೋಯಾ ಅವರೆಯಿಂದ ಎಣ್ಣೆಯನ್ನು ತೆಗೆದ ಬಳಿಕ ಉಳಿಯುವ ಹಿಟ್ಟಿನಲ್ಲಿ ಶೇಕಡ ಸುಮಾರು 50ರಷ್ಟು ಪ್ರೋಟೀನಿರುತ್ತದೆ. ಈ ಹಿಟ್ಟನ್ನೋ ಬಟಾಣಿಯ ಪ್ರೋಟೀನನ್ನೋ ನೀರಿನೊಡನೆ ಕಲಸಿ, ಹೆಚ್ಚಿನ ಶಾಖ ಮತ್ತು ಒತ್ತಡಗಳಲ್ಲಿ ಯಂತ್ರದ ರಂಧ್ರದ ಮೂಲಕ ಹಾಯಿಸುತ್ತಾರೆ. ಚಕ್ಕುಲಿಯ ಒರಳಿನಲ್ಲಿ ಹಿಟ್ಟನ್ನು ಒತ್ತುವುದಕ್ಕೆ ಇದನ್ನು ಹೋಲಿಸಬಹುದು. ಭೇದವೇನೆಂದರೆ, ಇಲ್ಲಿ ಶಾಖದಿಂದ ಪ್ರೋಟೀನಿನ ರಚನೆಯೇ ಬದಲಾಗಿ ಮಾಂಸದಂಥ ನಾರು ಉಂಟಾಗುತ್ತದೆ. ಕೊಬ್ಬಿಗಾಗಿ ತೆಂಗಿನೆಣ್ಣೆಯನ್ನೂ ಬಣ್ಣಕ್ಕಾಗಿ ಬೀಟ್‌ರೂಟಿನ ರಸವನ್ನೂ ಸೇರಿಸುವುದುಂಟು. ಅನೇಕ ತಯಾರಿಕೆಗಳಲ್ಲಿ ಅಂಟಿಗಾಗಿ ಬಳಸುವ ಮೀಥೈಲ್ ಸೆಲ್ಯುಲೋಸ್ ಬಿಸಿಯಾದಾಗ ಹೆಪ್ಪುಗಟ್ಟಿ, ಆರಿದಾಗ ಸಡಿಲಗೊಳ್ಳುವ ವಸ್ತು. ನಮ್ಮ ಕಾವಲಿಯ ಮೇಲೆ ಕಂಡ ವ್ಯತ್ಯಾಸಕ್ಕೆ ಇದೇ ಕಾರಣವಿರಬೇಕು.

ಪ್ರೋಟೀನಿಗೆ ಮಾಂಸದ ನಾರನ್ನು ಕೊಡುವ ಯತ್ನ ಹೊಸದಲ್ಲ. ಅಮೆರಿಕದ ರಾಬರ್ಟ್ ಬಾಯರ್ ಅವರಿಗೆ ಇಂಥ ನಾರಿನ ವಿಧಾನಕ್ಕಾಗಿ 1954ರಲ್ಲಿ ಪೇಟೆಂಟ್ ದೊರೆಯಿತು. ಯಂತ್ರದಲ್ಲಿ ಒತ್ತುವ ವಿಧಾನ 1960ರ ದಶಕದಲ್ಲಿ ಅಲ್ಲಿಯೇ ರೂಪುಗೊಂಡಿತು. ಆದರೆ ಅದಕ್ಕೂ ಮುನ್ನ, ಯಶವಂತಪುರದ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1940ರ ದಶಕದಲ್ಲಿ, ಸೋಯಾ ಹಾಲನ್ನು ಕುರಿತು ಸಂಶೋಧನೆ ನಡೆದಿತ್ತು. ಅಲ್ಲಿ ಪ್ರಾಧ್ಯಾಪಕರಾಗಿದ್ದ ವಿ. ಸುಬ್ರಹ್ಮಣ್ಯನ್ ಅವರು, 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಪ್ರಥಮ ನಿರ್ದೇಶಕರಾದರು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಯ ಹಿಟ್ಟು ಕಾಲು ಪಾಲು ಸೇರಿಸಿ, ಜೀವಸತ್ವಗಳನ್ನು ಬೆರೆಸಿದ ‘ಬಹೂಪಯೋಗಿ ಆಹಾರ’ ಆ ಸಂಸ್ಥೆಯ ಕೊಡುಗೆ. ಕಡಲೆಕಾಯಿಯ ಪ್ರೋಟೀನಿನಿಂದ ಹಾಲನ್ನು ಹೆಚ್ಚಿಸುವ ‘ಮಿಲ್ಟೋನ್’ ಕೂಡ ಅಲ್ಲಿಯದೇ. ಆದುದರಿಂದ ಸಸ್ಯದ ಪ್ರೋಟೀನನ್ನು ಬೇರ್ಪಡಿಸಿ ಹೊಸ ಆಹಾರವನ್ನು ನಿರ್ಮಿಸುವ ವಿದ್ಯೆ ನಮ್ಮ ನಾಡಿಗೆ ಅಪರಿಚಿತವಲ್ಲವೆಂಬುದು ಸ್ಪಷ್ಟ.

ಹಾಗಾದರೆ ಹೊಸದಾದುದು ಯಾವುದು? ಉದ್ದೇಶ. ಅಂದಿನ ವಿಜ್ಞಾನಿಗಳ ಮುಂದಿದ್ದುದು, ಹಾಲು ದೊರೆಯದ ಮಕ್ಕಳಿಗೆ ಕಡಮೆ ವೆಚ್ಚದಲ್ಲಿ ಪೋಷಣೆ ಹೇಗೆಂಬ ಪ್ರಶ್ನೆ. ಇಂದಿನ ಬರ್ಗರ್ ಉತ್ತರಿಸುವುದು, ಮಾಂಸವನ್ನು ಬಿಟ್ಟರೂ ಅದರ ರುಚಿಯನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಗೆ. ಇದನ್ನು ಬರಿಯ ವಿಲಾಸವೆಂದು ತಳ್ಳಿಹಾಕುವುದು ಉಚಿತವಲ್ಲ. ಬಹೂಪಯೋಗಿ ಆಹಾರದಲ್ಲಿ ಪೋಷಣೆ ಯಥೇಷ್ಟವಾಗಿದ್ದರೂ ಅದು ಇಂದು ನಮ್ಮ ಅಡುಗೆಯ ಮನೆಗಳಲ್ಲಿ ಕಾಣುವುದಿಲ್ಲ. ಅದೇ ವರ್ಗದ ಸೋಯಾ ಉಂಡೆಗಳು, ಜನ ‘ಮೀಲ್‌ಮೇಕರ್’ ಎಂದು ಕರೆಯುವ ಪದಾರ್ಥ, ಪಲ್ಯ, ಸಾಗು, ಪಲಾವುಗಳಲ್ಲಿ ಸೇರಿಕೊಂಡು ಉಳಿದಿವೆ. ಪರಿಚಿತವಾದ ಅಡುಗೆಯೊಳಕ್ಕೆ ಪ್ರವೇಶ ದೊರೆತ ಆಹಾರ ಬಾಳುತ್ತದೆ. ಪೋಷಣೆಯೊಂದೇ ಅದನ್ನು ಉಳಿಸಲಾರದು. ಬರ್ಗರನ್ನು ಮಾಡುವವರು ಈ ತತ್ತ್ವವನ್ನು ಅರಿತಿದ್ದಾರೆ; ಆದರೆ ಅವರು ಮನಸ್ಸಿನಲ್ಲಿಟ್ಟುಕೊಂಡ ತಟ್ಟೆ ನಮ್ಮ ತಾಯಿಯವರದಲ್ಲ.

ಅವರ ತಟ್ಟೆಗೆ ಬೇಕಾದುದು ಸಮೀಪದಲ್ಲಿಯೇ ಇತ್ತು. ನೆನೆಸಿದ ತೊಗರಿಬೇಳೆಯನ್ನು ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು ತೆಂಗಿನತುರಿಗಳೊಡನೆ ಹಬೆಯಲ್ಲಿ ಬೇಯಿಸುವ ನುಚ್ಚಿನುಂಡೆ ಯಾವ ಪದಾರ್ಥವನ್ನೂ ಅನುಕರಿಸುವುದಿಲ್ಲ. ಒಣ ಅವರೆಕಾಳಿನಲ್ಲಿ ಶೇಕಡ ಸುಮಾರು 24ರಷ್ಟು ಪ್ರೋಟೀನಿದೆ. ಕಾಳಿನಲ್ಲಿ ಕೊರತೆಯಿರುವ ಮೆಥಿಯೊನಿನ್ ಎಂಬ ಅಮೈನೊ ಆಮ್ಲವನ್ನು ರಾಗಿ ಒದಗಿಸುತ್ತದೆ. ರಾಗಿಯಲ್ಲಿ ಕಡಮೆಯಿರುವ ಲೈಸಿನ್ ಅವರೆಯಲ್ಲಿದೆ. ಮುದ್ದೆ ಮತ್ತು ಅವರೆಕಾಳಿನ ಸಾರಿನ ಜೋಡಣೆ ಹೀಗೆ ಶಾಸ್ತ್ರಸಮ್ಮತವೂ ಹೌದು. 1964ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯವು ಋತುವಿನ ಕಟ್ಟಿಲ್ಲದೆ ಬೆಳೆಯಬಲ್ಲ ‘ಹೆಬ್ಬಾಳ ಅವರೆ’ ತಳಿಗಳನ್ನು ಕೊಟ್ಟುದರಿಂದ, ಚಳಿಗಾಲಕ್ಕೆ ಮೀಸಲಾಗಿದ್ದ ಕಾಯಿ ಇತರ ತಿಂಗಳುಗಳಲ್ಲಿಯೂ ದೊರೆಯುವಂತಾಯಿತು. ಈಗ ನಮ್ಮ ಮನೆಯಲ್ಲಿ ನುಚ್ಚಿನುಂಡೆ, ಹಿತಕಿದ ಬೇಳೆಯ ಸಾರು, ಸೋಯಾ ಪಲ್ಯಗಳು ಸರದಿಯಾಗಿ ಆಗುತ್ತಿವೆ. ಉಳಿದ ಬಿಲ್ಲೆಗಳನ್ನು ಸಹೋದ್ಯೋಗಿಗಳು ಕೊಂಡೊಯ್ದರು.

ಕಡೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ಸೂಚನೆ. ಪ್ರಯೋಗಶಾಲೆಯ ವರದಿಗಳಿಂದ ಒಂದು ಆಹಾರವನ್ನು ಯಾರು, ಎಂದು ಮಾಡಿದರೆಂಬುದು ತಿಳಿಯುತ್ತದೆ. ಜನ ಅದನ್ನು ಏಕೆ ಉಂಡರು, ಏಕೆ ಬಿಟ್ಟರು ಎಂಬುದು ಉಂಡವರ ಸ್ಮರಣೆಯಲ್ಲಿ ಮಾತ್ರ ಉಳಿದಿರುತ್ತದೆ. ಬಹೂಪಯೋಗಿ ಆಹಾರವನ್ನೋ ಮಿಲ್ಟೋನನ್ನೋ ಬಾಲ್ಯದಲ್ಲಿ ಸವಿದವರು ಈಗ ವೃದ್ಧರು. ತಮ್ಮ ಮನೆಯ ಹಿರಿಯರನ್ನು ವಿಚಾರಿಸಿ ಅವರ ಮಾತನ್ನು ಬರೆದಿಟ್ಟುಕೊಳ್ಳುವ ವಿದ್ಯಾರ್ಥಿಯು, ಯಾವ ದಫ್ತರದಲ್ಲಿಯೂ ದೊರೆಯದ ಸಾಕ್ಷ್ಯವನ್ನು ಸಕಾಲದಲ್ಲಿ ಉಳಿಸಿದಂತಾಗುತ್ತದೆ.