ಗಾಳಿಯಂತ್ರ ಊರಿನದೇ ಆದರೆ?

ಪ್ರಶ್ನೆ: ನಮ್ಮ ಗದಗ ಕಡೆ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳಿವೆ. ಅವು ಊರಿನವರದೇ ಆಗಿದ್ದರೆ ಏನು ಲಾಭವಾಗುತ್ತಿತ್ತು?

ಉತ್ತರ: ಕಂಪನಿಯ ಯಂತ್ರವಾದರೆ ರೈತನಿಗೆ ಸಿಗುವುದು ಹೆಚ್ಚಾಗಿ ಜಮೀನಿನ ದುಡ್ಡು, ಕರೆಂಟ್ ಮಾರಿದ ಹಣ ಊರು ದಾಟಿ ಹೋಗುತ್ತದೆ. ಕೊಯಮತ್ತೂರು ಜಿಲ್ಲೆಯ ಓಡಂತುರೈ ಪಂಚಾಯಿತಿಯನ್ನು ನೋಡಿ. ಬೀದಿದೀಪ, ನೀರಿನ ಪಂಪುಗಳ ಬಿಲ್ಲು ಕಟ್ಟಿ ಸಾಕಾಗಿ, 40 ಲಕ್ಷ ರೂಪಾಯಿ ಉಳಿತಾಯಕ್ಕೆ ಬ್ಯಾಂಕ್ ಸಾಲ ಸೇರಿಸಿ, 2006ರಲ್ಲಿ ಸುಮಾರು 1.55 ಕೋಟಿಗೆ 350 ಕಿಲೋವ್ಯಾಟ್ ಯಂತ್ರ ಕೊಂಡಿತು. ಅದನ್ನು ನಿಲ್ಲಿಸಿದ್ದು ಮಾತ್ರ ದೂರದಲ್ಲಿ, ಗಾಳಿ ಚೆನ್ನಾಗಿ ಬೀಸುವ ಉಡುಮಲೈ ಸೀಮೆಯಲ್ಲಿ! ಊರಿನ ಬಳಕೆಗೆ ಮಿಕ್ಕ ಕರೆಂಟನ್ನು ವಿದ್ಯುತ್ ಮಂಡಳಿಗೆ ಮಾರಿ, ಆ ಹಣದಲ್ಲೇ ಸಾಲ ತೀರಿಸುತ್ತ ಬಂತು. ಲೆಕ್ಕದ ಪುಸ್ತಕ ಪಂಚಾಯಿತಿಯ ಕೈಯಲ್ಲೇ ಉಳಿದದ್ದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆದರೆ ಗಾಳಿ ಬಿದ್ದ ತಿಂಗಳು ಆದಾಯವೂ ಬೀಳುತ್ತದೆ. ರಿಪೇರಿಗೆಂದು ದುಡ್ಡು ಎತ್ತಿಡಲೇಬೇಕು.