ತಲೆ ಸವೆದ ಸ್ಕ್ರೂ ಬಿಚ್ಚೋದು ಹೆಂಗ್ರಿ?

ಹೊಲದಲ್ಲಿ ಮೋಟರ್ ನಿಂತಿದೆ. ತ್ರೀಫೇಸ್ ಕರೆಂಟ್ ಹೋಗುವುದರೊಳಗೆ ರಿಪೇರಿ ಮುಗಿಯಬೇಕು. ಮೇನ್ ಆಫ್ ಮಾಡಿ ಸ್ಟಾರ್ಟರ್ ಡಬ್ಬಿಗೆ ಕೈಹಾಕಿದರೆ ಜಂಗು ಹಿಡಿದ ಸ್ಕ್ರೂ ಅಲುಗುವುದಿಲ್ಲ. ಜೇಬಿನ ಟೆಸ್ಟರನ್ನೇ ತುರುಕಿ ತಿರುವಿದರೆ ಅದು ಜಾರುತ್ತದೆ. ಇನ್ನೊಮ್ಮೆ ತಿರುವಿದರೆ ಸ್ಕ್ರೂ ತಲೆಯ ಕಚ್ಚು ನುಣ್ಣಗಾಗುತ್ತದೆ. ‘ತಲೆ ಹೋತು ನೋಡ್ರಿ!’

ತುಂಗಭದ್ರಾ ಹಿನ್ನೀರಿಗೆ ಹತ್ತಿರದ ತಂಬ್ರಹಳ್ಳಿ ಹೋಬಳಿಯಲ್ಲಿ ಪಂಪ್‌ಸೆಟ್, ಬೈಕು, ಟ್ರ್ಯಾಕ್ಟರ್ ನಂಬಿದ ಯಾರಿಗೂ ಈ ಪೇಚಾಟ ಹೊಸದಲ್ಲ. ತಪ್ಪು ಬರೀ ತುಕ್ಕಿನದಲ್ಲ. ಎಷ್ಟೋ ಸ್ಕ್ರೂಗಳ ತಲೆ ಹೋಗುವುದು ನಮ್ಮ ಅವಸರದಿಂದ, ಅದೂ ಮೊದಲ ಅರ್ಧ ಸುತ್ತಿನಲ್ಲೇ.

ಜಾರುವ ಗುಣ ಹುಟ್ಟಿನಿಂದಲೇ

ನಾವು ‘ಸ್ಟಾರ್’ ಎನ್ನುವ ಅಡ್ಡಗೀಟಿನ ಸ್ಕ್ರೂವಿನ ಮೂಲ ಕಲ್ಪನೆ ಅಮೆರಿಕದ ಜಾನ್ ಥಾಂಪ್ಸನ್ ಅವರದು. ಅದರ ಹಕ್ಕು ಕೊಂಡು ಸುಧಾರಿಸಿ, 1936ರಲ್ಲಿ ಪೇಟೆಂಟ್ ಪಡೆದವರು ಹೆನ್ರಿ ಫಿಲಿಪ್ಸ್. ಕ್ಯಾಡಿಲಾಕ್ ಕಾರುಗಳ ಜೋಡಣೆಯಲ್ಲಿ ಅದು ಮೊದಲು ಹೆಸರು ಮಾಡಿತು. ಡ್ರೈವರ್ ತಾನೇ ನಡುವಿಗೆ ಬಂದು ಕೂರಲೆಂದು ಅದರ ಗೋಡೆಗಳನ್ನು ಇಳಿಜಾರಾಗಿಸಿದ್ದಾರೆ. ಬಲ ಹೆಚ್ಚಾದಾಗ ಡ್ರೈವರನ್ನು ಮೇಲಕ್ಕೆ ತಳ್ಳುವುದೂ ಅದೇ ಇಳಿಜಾರು. ಹಾಗಾಗಿ ತಿರುವುವ ಬಲಕ್ಕಿಂತ ಒತ್ತುವ ಬಲ ಹೆಚ್ಚಿರಬೇಕು.

ಜಪಾನೀ ವಿನ್ಯಾಸದ ಹಳೆಯ ಬೈಕುಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳ ಸ್ಕ್ರೂ ನೋಡಲು ಸ್ಟಾರ್‌ನಂತೆಯೇ ಇದ್ದರೂ ‘ಜೆಐಎಸ್’ ಎಂಬ ಬೇರೆ ಅಳತೆಯದು. ಬಹಳಷ್ಟರ ತಲೆ ಮೇಲೆ ಗುರುತಿಗೊಂದು ಸಣ್ಣ ಚುಕ್ಕೆ ಇರುತ್ತದೆ. ಮಾಮೂಲಿ ಸ್ಟಾರ್ ಡ್ರೈವರ್ ಅದರ ತಳ ಮುಟ್ಟಿ ಕೂರದೆ ಅಂಚನ್ನು ತಿನ್ನುತ್ತದೆ. ಕಾರ್ಬ್ಯುರೇಟರ್ ಬಿಚ್ಚುವಾಗ ತಲೆ ಹೋಗಲು ಇದೂ ಒಂದು ಕಾರಣ.

ಮೆಟ್ಟಿಲು ಮೆಟ್ಟಿಲಾಗಿ

ಸವೆದ ಸ್ಕ್ರೂ ಬಿಚ್ಚುವುದಕ್ಕೆ ಒಂದು ಕ್ರಮವಿದೆ. ಮೃದು ಉಪಾಯ ಮೊದಲು, ಒರಟು ಉಪಾಯ ಕೊನೆಗೆ. ಮೊದಲೇ ಡ್ರಿಲ್ ಹಿಡಿದವನಿಗೆ ವಾಪಸ್ ಬರುವ ದಾರಿಯಿಲ್ಲ.

ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿ. ತಲೆ ಮೇಲೆ ಸುತ್ತಿಗೆಯಿಂದ ನಾಲ್ಕೈದು ಹದವಾದ ಏಟು ಕೊಡಿ. ಥ್ರೆಡ್ಡಿನ ತುಕ್ಕು ಬಿರಿದು ಎಣ್ಣೆ ಒಳಗಿಳಿಯುತ್ತದೆ. ಆಮೇಲೆ ಸರಿಯಾದ ಅಳತೆಯ ಬಿಟ್ ಇಟ್ಟು ಮೈಭಾರ ಹಾಕಿ ಒತ್ತಿ, ನಿಧಾನ ತಿರುವಿ. ಇನ್ನೂ ಜಾರಿದರೆ ಕಚ್ಚಿಗೆ ವಾಲ್ವ್ ಉಜ್ಜುವ ಪೇಸ್ಟ್ ಸ್ವಲ್ಪ ಹಚ್ಚಿದರೆ ಅದರ ಹರಳು ಹಿಡಿತ ಕೊಡುತ್ತದೆ.

ಅದಕ್ಕೂ ಬಗ್ಗದಿದ್ದರೆ ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಏಟು ಬಿದ್ದ ಗಳಿಗೆಯಲ್ಲೇ ಅದು ಬಿಟ್ಟನ್ನು ಕೆಳಗೊತ್ತಿ, ಜೊತೆಗೇ ಕೊಂಚ ತಿರುವುತ್ತದೆ. ಜಾರಲು ಪುರುಸೊತ್ತೇ ಸಿಗುವುದಿಲ್ಲ. ಆದರೆ ಕಾರ್ಬ್ಯುರೇಟರ್, ಪ್ಲಾಸ್ಟಿಕ್ ಡಬ್ಬಿಗಳ ಮೇಲೆ ಇದನ್ನು ಬಳಸಬೇಡಿ, ಒಡೆದುಹೋಗುತ್ತವೆ.

ತಲೆ ಮೇಲಕ್ಕೆ ಉಬ್ಬಿದ್ದರೆ ಆಕ್ಸಾ ಬ್ಲೇಡಿನಿಂದ ಅಡ್ಡ ಗೀರು ಕೊಯ್ದು ಚಪ್ಪಟೆ ಡ್ರೈವರ್ ಹಾಕಬಹುದು, ಇಲ್ಲವೇ ಗ್ರಿಪ್ ಪ್ಲೈಯರ್‌ನಿಂದ ಕಚ್ಚಿ ತಿರುವಬಹುದು. ಕಬ್ಬಿಣದ ಮೈಯಾದರೆ ವೆಲ್ಡಿಂಗ್ ಅಂಗಡಿಯಲ್ಲಿ ತಲೆಗೊಂದು ನಟ್ ಬೆಸೆದು ಪಾನಾ ಹಾಕುತ್ತಾರೆ. ಬೆಸುಗೆಯ ಕಾವೂ ತುಕ್ಕನ್ನು ಸಡಿಲಿಸುತ್ತದೆ. ಅಲ್ಯೂಮಿನಿಯಂ ಕೇಸಿಗೆ ಹೊರಗಿನಿಂದ ಕಾವು ಕೊಟ್ಟರೂ ಸಾಕು: ಅದು ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗಿ ಹಿಡಿತ ಬಿಡುತ್ತದೆ. ಪೆಟ್ರೋಲಿನ ಹತ್ತಿರ ಮಾತ್ರ ಬೆಂಕಿ ಬೇಡ.

ಎಲ್ಲಕ್ಕೂ ಕೊನೆಯದು ಡ್ರಿಲ್. ತಲೆಯ ನಟ್ಟನಡುವೆ ಪಂಚ್ ಹೊಡೆದು, ಚಿಕ್ಕ ಬಿಟ್ಟಿನಿಂದ ಶುರುಮಾಡಿ, ಸ್ಕ್ರೂ ದಂಡದಷ್ಟೇ ದಪ್ಪದ ಬಿಟ್ಟಿಗೆ ಬಂದರೆ ತಲೆ ಉಂಗುರದಂತೆ ಕಳಚಿಕೊಳ್ಳುತ್ತದೆ. ಮುಚ್ಚಳ ಎತ್ತಿ ನೋಡಿ: ಉಳಿದ ಮೋಟು ದಂಡ ಎಷ್ಟೋ ಸಲ ಇಕ್ಕಳಕ್ಕೇ ಸಲೀಸಾಗಿ ಬರುತ್ತದೆ. ಬಿಗಿಯ ದೊಡ್ಡ ಪಾಲು ಇದ್ದದ್ದು ಮುಚ್ಚಳವನ್ನು ಅದುಮಿ ಕುಳಿತ ಆ ತಲೆಯಲ್ಲಿ.

ಬಿಚ್ಚಿದ ಮೇಲೆ ಹಳೆಯ ಸ್ಕ್ರೂ ಮತ್ತೆ ಹಾಕುವ ಉಳಿತಾಯ ಬೇಡ. ಹೊಸದು ಹಾಕಿ, ಬೈಕಿನ ಎಂಜಿನ್ ಕವರಿಗಾದರೆ ಅಲೆನ್ ತಲೆಯದು ಇನ್ನೂ ಒಳ್ಳೆಯದು. ಥ್ರೆಡ್ಡಿಗೆ ಚೂರು ಗ್ರೀಸ್ ಸವರಿ. ಇವತ್ತು ಗ್ರೀಸ್ ಸವರಿದವನು ನಾಳೆ ಬಿಚ್ಚುವವನ ಅರ್ಧ ಕೆಲಸ ಮುಗಿಸಿರುತ್ತಾನೆ. ಹಳ್ಳಿಯಲ್ಲಿ ಸಾಮಾನ್ಯವಾಗಿ ಆ ಇಬ್ಬರೂ ಒಬ್ಬನೇ.